ಎಸ್‌ಎಕ್ಸ್-70ಯಲ್ಲಿ ಹಳೆಯ ಟೈಮ್-ಜೀರೊ ಪ್ಯಾಕ್: ಮೋಟಾರ್ ತಿರುಗದಿದ್ದರೆ

ಅವಧಿ ಮೀರಿದ ಟೈಮ್-ಜೀರೊ ಫಿಲ್ಮ್ ಪ್ಯಾಕ್ ಹಾಕಿದಾಗ ನಿಮ್ಮ ಪೋಲರಾಯ್ಡ್ ಎಸ್‌ಎಕ್ಸ್-70 (ತೆಗೆದ ಚಿತ್ರವನ್ನು ಕೂಡಲೇ ಹೊರಹಾಕುವ ಕ್ಯಾಮೆರಾ) ಸದ್ದೇ ಮಾಡದಿರುವುದಕ್ಕೆ ಕಾರಣ ಬಹುಮಟ್ಟಿಗೆ ಕ್ಯಾಮೆರಾ ಅಲ್ಲ, ಪ್ಯಾಕಿನ ತಳದಲ್ಲಿರುವ 6 ವೋಲ್ಟಿನ ಚಪ್ಪಟೆ ಬ್ಯಾಟರಿ ಸತ್ತಿರುವುದು. ಈಚೆಗೆ ಖಾಲಿಯಾದ ಹೊಸ ಎಸ್‌ಎಕ್ಸ್-70 ಫಿಲ್ಮ್ ಪ್ಯಾಕಿನ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಇನ್ನೂ ಕಸುವು ಉಳಿದಿರುತ್ತದೆ. ಮೊದಲು ಕ್ಯಾಮೆರಾದಲ್ಲಿ ಹಾಳೆಯನ್ನು ಒತ್ತಿ ಹೊರತಳ್ಳುವ ರೋಲರ್‌ಗಳನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಳ್ಳಿ. ಬಳಿಕ ಪೂರ್ತಿ ಕತ್ತಲೆಯ ಕೋಣೆಯಲ್ಲಿ, ಹಳೆಯ ಹಾಳೆಗಳನ್ನು ಮುಖವಾಗಲಿ ದಿಕ್ಕಾಗಲಿ ಬದಲಾಗದಂತೆ, ಅಗಲವಾದ ಅಂಚಿನಲ್ಲಿರುವ ರಾಸಾಯನಿಕದ ಚೀಲಗಳನ್ನು ಒತ್ತದೆ, ಆ ಖಾಲಿ ಪ್ಯಾಕಿಗೆ ವರ್ಗಾಯಿಸಿ, ಮೇಲೆ ಕಪ್ಪು ರಕ್ಷಾಹಾಳೆಯನ್ನಿಟ್ಟು ಕ್ಯಾಮೆರಾಕ್ಕೆ ತುಂಬಿ. ಬಾಗಿಲು ಮುಚ್ಚಿದೊಡನೆ ಆ ಹಾಳೆ ಹೊರಬಂದರೆ ಮೋಟಾರ್ ಸರಿಯಿದೆ ಎಂದರ್ಥ. ಚಿತ್ರ ಮೂಡುವುದೋ ಇಲ್ಲವೋ ಎಂಬುದು ಚೀಲದೊಳಗಿನ ಲೇಪ ಎಷ್ಟು ಒಣಗಿದೆ ಎಂಬುದನ್ನು ಅವಲಂಬಿಸಿದೆ. ಮೂಲೆಗಳು ಖಾಲಿ ಉಳಿದು ಬಣ್ಣಗಳು ಮಂಕಾಗುವುದು ಸಹಜ, ನನಗಂತೂ ಅದೇ ಇಷ್ಟ. ಲೇಪವು ಪ್ರಬಲ ಕ್ಷಾರ. ಕೈಗೆ ತಾಗಿದರೆ ಕೂಡಲೇ ತೊಳೆಯಿರಿ.