ಬಲಪಕ್ಕೆಯ ನೋವು ಮತ್ತು ಮರೆತುಹೋದ ಆಮಶಂಕೆ

ಓದುಗರ ಆರೋಗ್ಯ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನ್ನ ತಮ್ಮನಿಗೆ 36 ವರ್ಷ. ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಕ್ರೇಟುಗಳನ್ನು ಲಾರಿಗೆ ತುಂಬುವ ಕೆಲಸ ಮಾಡುತ್ತಾನೆ. ಕಳೆದ ತಿಂಗಳು ಚಳಿಜ್ವರ ಬಂದು, ಬಲ ಹೆಗಲು ಹಿಡಿದುಕೊಂಡಂತಾಯಿತು. ಭಾರ ಎತ್ತಿ ಉಳುಕಿರಬೇಕೆಂದು ಎಣ್ಣೆ ಹಚ್ಚಿ ನೀವಿದೆವು. ಬಲಪಕ್ಕೆ ನೋವೆಂದಾಗ ಒಂದು ಕಡೆ ಗ್ಯಾಸ್ಟ್ರಿಕ್ ಎಂದರು. ಇನ್ನೊಂದು ಕಡೆ ರಕ್ತ ಪರೀಕ್ಷೆ ಮಾಡಿ ಟೈಫಾಯ್ಡ್ ಎಂದು ಐದು ದಿನ ಇಂಜೆಕ್ಷನ್ ಕೊಟ್ಟರು. ಹದಿನೆಂಟನೆಯ ದಿನ ಸ್ಕ್ಯಾನ್ ಮಾಡಿಸಿದಾಗ ಲಿವರ್‌ನ ಬಲಭಾಗದಲ್ಲಿ 7 ಸೆಂಟಿಮೀಟರ್ ಅಗಲಕ್ಕೆ ಕೀವು ಕಟ್ಟಿದೆ, ಅದು ಅಮೀಬಾದಿಂದ ಆದದ್ದು ಎಂದರು. ಅವನಿಗೆ ಭೇದಿಯೇ ಇರಲಿಲ್ಲ. ಅಮೀಬಾ ಎಲ್ಲಿಂದ ಬಂತು? ಇದನ್ನು ಮೊದಲೇ ಗುರುತಿಸಬಹುದಿತ್ತೇ? ವಾರಕ್ಕೆರಡು ದಿನ ಕುಡಿಯುತ್ತಾನೆ, ಅದೇ ಕಾರಣವೇ?
– ಹೆಸರು ಬೇಡ, ಕೋಲಾರ ತಾಲ್ಲೂಕು

ಉತ್ತರ: ‘ಭೇದಿಯೇ ಇರಲಿಲ್ಲ’ ಎಂಬ ಮಾತನ್ನು ಈ ಕಾಯಿಲೆಯ ಬಹುತೇಕ ರೋಗಿಗಳ ಮನೆಯವರು ಹೇಳುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿರುವುದಿಲ್ಲ. ಯಕೃತ್ತಿನಲ್ಲಿ ಕೀವು ಕಟ್ಟಿ ಆಸ್ಪತ್ರೆಗೆ ಬರುವ ಹೊತ್ತಿಗೆ ಭೇದಿ ಇರುವವರು ಮೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಎಂಟಮೀಬಾ ಹಿಸ್ಟೊಲಿಟಿಕಾ ಎಂಬ ಈ ಏಕಕೋಶ ಜೀವಿ ಚಿಪ್ಪು ಕಟ್ಟಿಕೊಂಡ ರೂಪದಲ್ಲಿ, ಮಲದ ಸೋಂಕು ತಗುಲಿದ ನೀರು ಅಥವಾ ಆಹಾರದ ಜೊತೆ ಹೊಟ್ಟೆ ಸೇರುತ್ತದೆ. ಕರುಳಿನಲ್ಲಿ ಚಿಪ್ಪಿನಿಂದ ಹೊರಬಂದು, ಕೆಲವರಲ್ಲಿ ದೊಡ್ಡಕರುಳಿನ ಗೋಡೆಯನ್ನು ಕೊರೆದು, ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ಅಭಿಧಮನಿಯ ಮೂಲಕ ಮೇಲೇರುತ್ತದೆ. ಯಕೃತ್ತಿನ ಬಲಭಾಗ ದೊಡ್ಡದು, ರಕ್ತವೂ ಆ ಕಡೆಗೇ ಹೆಚ್ಚು ಹರಿಯುತ್ತದೆ. ಆದ್ದರಿಂದ ಕೀವು ಬಹುಮಟ್ಟಿಗೆ ಬಲಗಡೆಯೇ, ಸಾಮಾನ್ಯವಾಗಿ ಒಂದೇ ಒಂದಾಗಿ ಕಟ್ಟುತ್ತದೆ. ಇಷ್ಟೆಲ್ಲ ನಡೆಯಲು ವಾರಗಳಿಂದ ತಿಂಗಳುಗಳೇ ಹಿಡಿಯುವುದುಂಟು. ಅಷ್ಟರಲ್ಲಿ ಕರುಳಿನ ತೊಂದರೆ ತಾನಾಗಿ ಅಡಗಿರುತ್ತದೆ, ಇಲ್ಲವೇ ಮೊದಲಿನಿಂದಲೂ ಅದು ಗಮನಕ್ಕೇ ಬಂದಿರುವುದಿಲ್ಲ.

ಹಾಗಾಗಿ ಪ್ರಶ್ನೆ ಕೇಳುವ ಬಗೆ ಇಲ್ಲಿ ಬಹಳ ಮುಖ್ಯವಾಗುತ್ತದೆ. ‘ಭೇದಿ ಆಗುತ್ತಿದೆಯೇ?’ ಎಂದರೆ ‘ಇಲ್ಲ ಸಾರ್’ ಎಂಬ ಉತ್ತರ ಬಂದು ಅಲ್ಲಿಗೆ ಮಾತು ಮುಗಿಯುತ್ತದೆ. ನಾನು ಹಬ್ಬ, ಜಾತ್ರೆ, ಮದುವೆಗಳ ಲೆಕ್ಕದಲ್ಲಿ ಕೇಳುತ್ತೇನೆ: ಯುಗಾದಿಯಿಂದ ಇಲ್ಲಿಯವರೆಗೆ ಯಾವಾಗಲಾದರೂ ಹೊಟ್ಟೆ ಮುರಿದು, ಲೋಳೆಯೋ ರಕ್ತವೋ ಹೋಗಿತ್ತೇ, ಮೆಡಿಕಲ್ ಶಾಪಿನಿಂದ ಎರಡು ಮಾತ್ರೆ ತಂದು ನುಂಗಿ ಸುಮ್ಮನಾದದ್ದುಂಟೇ? ಆಗಲೂ ರೋಗಿ ಇಲ್ಲವೆಂದು ತಲೆಯಾಡಿಸಿಬಿಡಬಹುದು. ಪಕ್ಕದಲ್ಲಿ ನಿಂತಿರುವ ಹೆಂಡತಿಯೋ ತಾಯಿಯೋ ‘ಜಾತ್ರೆಗೆ ಹೋಗಿ ಬಂದ ಮೇಲೆ ಮೂರು ದಿನ ಚೊಂಬು ಕೆಳಗಿಡಲಿಲ್ಲವಲ್ಲ’ ಎಂದು ನೆನಪಿಸುತ್ತಾರೆ. ನಿಮ್ಮ ತಮ್ಮನನ್ನೂ ಹೀಗೆ ಒಮ್ಮೆ ಕೇಳಿ ನೋಡಿ. ಏನೂ ನೆನಪಾಗದಿದ್ದರೂ ಕಾಯಿಲೆ ಅದಲ್ಲವೆಂದು ತೀರ್ಮಾನಿಸುವಂತಿಲ್ಲ.

ಇನ್ನು ಹೆಗಲಿನ ವಿಚಾರ. ಎಣ್ಣೆ ಹಚ್ಚಿದ್ದಕ್ಕೆ ನೀವು ನೊಂದುಕೊಳ್ಳಬೇಕಿಲ್ಲ. ದಿನವಿಡೀ ಕ್ರೇಟು ಎತ್ತುವವನ ಹೆಗಲು ನೋಯುತ್ತದೆಂದರೆ ಯಾರಾದರೂ ಹಾಗೆಯೇ ತಿಳಿಯುತ್ತಾರೆ. ಯಕೃತ್ತಿನ ಮೇಲೆ ಕಮಾನಿನಂತೆ ಹರಡಿ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆಯಾದ ವಪೆಯ ನರವು ಕತ್ತಿನ ಭಾಗದಿಂದ ಹೊರಡುತ್ತದೆ, ಹೆಗಲಿನ ಚರ್ಮದ ಸಂವೇದನೆಯನ್ನು ಒಯ್ಯುವ ನರಗಳೂ ಅಲ್ಲಿಂದಲೇ ಬರುತ್ತವೆ. ಆದ್ದರಿಂದ ಕೀವು ವಪೆಯನ್ನು ಕೆರಳಿಸಿದಾಗ ಮೆದುಳು ಅದನ್ನು ಹೆಗಲಿನ ನೋವೆಂದು ಓದಿಕೊಳ್ಳುತ್ತದೆ. ಉಳುಕಿದ ಹೆಗಲಾದರೆ ತೋಳು ಎತ್ತಿದಾಗ, ತಿರುಗಿಸಿದಾಗ ನೋವು ಹೆಚ್ಚುತ್ತದೆ. ಒಳಗಿನಿಂದ ಬಂದ ನೋವಾದರೆ ತೋಳು ಸಲೀಸಾಗಿ ಮೇಲೆ ಹೋಗುತ್ತದೆ, ಆದರೆ ಕೆಮ್ಮಿದಾಗ, ದೀರ್ಘವಾಗಿ ಉಸಿರೆಳೆದಾಗ ಹೆಗಲೂ ಪಕ್ಕೆಯೂ ಒಟ್ಟಿಗೆ ಚುಚ್ಚುತ್ತವೆ. ಹೆಗಲು ನೋವಿನ ಜೊತೆ ಚಳಿ ನಡುಗಿಸುವ ಜ್ವರವಿದ್ದರಂತೂ ಅದನ್ನು ಉಳುಕೆಂದು ಬಿಡಬಾರದು.

ಇಂಥ ರೋಗಿ ಒಳಗೆ ನಡೆದು ಬರುವಾಗಲೇ ಅರ್ಧ ಗುರುತು ಸಿಗುವುದುಂಟು. ಬಲ ಮೊಣಕೈಯನ್ನು ಪಕ್ಕೆಗೆ ಅವಚಿಕೊಂಡು, ಸ್ವಲ್ಪ ಬಲಕ್ಕೆ ವಾಲಿ ನಡೆಯುತ್ತಾನೆ. ಕುರ್ಚಿಯಲ್ಲಿ ಮೆಲ್ಲಗೆ ಕೂರುತ್ತಾನೆ. ಕೆಮ್ಮು ಬಂದರೆ ಅಂಗೈಯಿಂದ ಪಕ್ಕೆಯನ್ನು ಒತ್ತಿ ಹಿಡಿದು ಅರ್ಧಕ್ಕೇ ನಿಲ್ಲಿಸುತ್ತಾನೆ. ಮಲಗಿಸಿ, ಬಲಗಡೆಯ ಕೆಳ ಪಕ್ಕೆಲುಬುಗಳ ನಡುವಿನ ಸಂದಿಗಳಲ್ಲಿ ಒಂದೊಂದಾಗಿ ಬೆರಳ ತುದಿಯಿಂದ ಮೃದುವಾಗಿ ಒತ್ತುತ್ತ ಬಂದರೆ, ಯಾವುದೋ ಒಂದು ಸಂದಿಯಲ್ಲಿ ಮುಖ ಹಿಂಡುತ್ತಾನೆ. ಆ ಒಂದು ಬಿಂದುವಿನ ನೋವು ಬಹಳ ಬೆಲೆಯುಳ್ಳ ಸುಳಿವು; ಅಂಗಿ ಬಿಚ್ಚಿಸದೆ ಚೀಟಿ ಬರೆಯುವ ಅವಸರದಲ್ಲಿ ತಪ್ಪಿಹೋಗುವುದೂ ಅದೇ. ಇದು ವೈದ್ಯರು ಮಾಡಬೇಕಾದ ಪರೀಕ್ಷೆ, ಮನೆಯಲ್ಲಿ ಒತ್ತಿ ನೋಡಬೇಡಿ. ಇದರ ಜೊತೆಗೆ ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರು, ಊಟ ಸೇರದಿರುವುದು, ಎರಡು ಮೂರು ವಾರಗಳಲ್ಲಿ ಬಟ್ಟೆ ಸಡಿಲವಾಗುವಷ್ಟು ಇಳಿದುಹೋಗುವುದು, ಒಣಕೆಮ್ಮು ಇವೆಲ್ಲ ಇರಬಹುದು. ಕೆಮ್ಮು, ಜ್ವರ, ತೂಕದ ಇಳಿಕೆ ಮೂರೂ ಸೇರಿದಾಗ ಕ್ಷಯವೆಂದು ಕಫ ಪರೀಕ್ಷೆಗೆ ಕಳುಹಿಸಿದ ನಿದರ್ಶನಗಳನ್ನೂ ಕಂಡಿದ್ದೇನೆ. ಕಣ್ಣು ಹಳದಿಯಾಗಿಲ್ಲ, ಆದ್ದರಿಂದ ಲಿವರ್ ಸರಿಯಾಗಿದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ಕಾಯಿಲೆಯಲ್ಲಿ ಕಾಮಾಲೆ ಕಾಣಿಸಿಕೊಳ್ಳುವುದು ಕೆಲವರಲ್ಲಿ ಮಾತ್ರ.

ಟೈಫಾಯ್ಡ್ ಎಂಬ ತೀರ್ಮಾನ ಯಾವ ರಕ್ತ ಪರೀಕ್ಷೆಯಿಂದ ಆಯಿತೆಂದು ನೀವು ಬರೆದಿಲ್ಲ, ಬಹುಶಃ ಟೈಫಾಯ್ಡ್ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ವಿಡಾಲ್ ಪರೀಕ್ಷೆಯಿಂದ ಆಗಿರಬೇಕು. ಹಿಂದೆಂದೋ ಬಂದ ಸೋಂಕಿನಿಂದಲೂ ಬೇರೆ ಜ್ವರಗಳಿಂದಲೂ ವಿಡಾಲ್ ಪಾಸಿಟಿವ್ ಬರಬಹುದಾದ್ದರಿಂದ, ಒಂದೇ ಒಂದು ವಿಡಾಲ್ ವರದಿಯನ್ನು ನಂಬಿ ಜ್ವರಕ್ಕೆ ಹೆಸರಿಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ದಾರಿ ತೋರಿಸುವುದು ಹೊಟ್ಟೆಯ ಅಲ್ಟ್ರಾಸೌಂಡ್. ಎದೆಯ ಎಕ್ಸ್-ರೇಯಲ್ಲಿ ಬಲಗಡೆಯ ವಪೆ ಮೇಲೆ ತಳ್ಳಿದಂತೆ ಕಾಣಬಹುದು; ರಕ್ತದಲ್ಲಿ ಬಿಳಿ ಕಣಗಳು ಹೆಚ್ಚಿರುತ್ತವೆ. ಮಲ ಪರೀಕ್ಷೆಯಲ್ಲಿ ಅಮೀಬಾ ಕಾಣದಿರುವುದೇ ಹೆಚ್ಚು, ಆದ್ದರಿಂದ ಆ ವರದಿ ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ. ಅಮೀಬಾ ವಿರುದ್ಧದ ಪ್ರತಿಕಾಯಗಳ ರಕ್ತ ಪರೀಕ್ಷೆ ಹತ್ತರಲ್ಲಿ ಒಂಬತ್ತು ರೋಗಿಗಳಲ್ಲಿ ಪಾಸಿಟಿವ್ ಬರುತ್ತದೆ, ಆದರೆ ಗುಣವಾದ ಮೇಲೂ ವರ್ಷಗಟ್ಟಲೆ ಹಾಗೆಯೇ ಉಳಿಯಬಹುದು.

ಸ್ಕ್ಯಾನಿನಲ್ಲಿ ಕೀವು ಕಂಡ ಮಾತ್ರಕ್ಕೆ ಅದು ಅಮೀಬಾದ್ದೇ ಎನ್ನಲಾಗದು. ಇಲ್ಲಿ ಮತ್ತೆ ರೋಗಿಯ ಪೂರ್ವವೃತ್ತಾಂತಕ್ಕೇ ಮರಳಬೇಕಾಗುತ್ತದೆ. ವಯಸ್ಸಾದವರು, ಮಧುಮೇಹಿಗಳು, ಪಿತ್ತಕೋಶದ ಕಲ್ಲಿನ ತೊಂದರೆ ಇದ್ದವರು ಬಂದರೆ ಬ್ಯಾಕ್ಟೀರಿಯಾದ ಕೀವನ್ನು ಮೊದಲು ಯೋಚಿಸುತ್ತೇವೆ. ಕುರಿ ಮತ್ತು ನಾಯಿಗಳ ಒಡನಾಟದಲ್ಲಿ ಬಾಳಿದವರಾದರೆ, ಜ್ವರವಿಲ್ಲದೆ ನೀರುಗುಳ್ಳೆಯಂಥದ್ದು ಕಂಡರೆ, ನಾಯಿಯ ಲಾಡಿಹುಳುವಿನಿಂದ ಆಗುವ ಹೈಡಾಟಿಡ್ ಗುಳ್ಳೆಯನ್ನು ನೆನೆಯದೆ ಸೂಜಿ ಹಾಕುವುದಿಲ್ಲ. ಸರಿಸುಮಾರು 20ರಿಂದ 45 ವಯಸ್ಸಿನ ಗಂಡಸು, ಹೊರಗೆ ಉಣ್ಣುವವನು, ಕುಡಿಯುವವನು, ಎರಡು ವಾರದ ಜ್ವರ, ಬಲಪಕ್ಕೆಯ ನೋವು ಎಂದರೆ ಅಮೀಬಾದ ಕಡೆಗೇ ತಕ್ಕಡಿ ವಾಲುತ್ತದೆ. ಹೆಂಗಸರಿಗಿಂತ ಗಂಡಸರಲ್ಲಿ ಇದು 7ರಿಂದ 10 ಪಟ್ಟು ಹೆಚ್ಚು. ಕುಡಿತದಿಂದಲೇ ಕೀವು ಕಟ್ಟುವುದಿಲ್ಲ, ಅದಕ್ಕೆ ಅಮೀಬಾ ಬೇಕೇ ಬೇಕು. ಆದರೆ ಕುಡಿಯುವವರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಒಂದು ತೊಟ್ಟು ಮುಟ್ಟದವರಿಗೂ ಬಂದಿರುವುದರಿಂದ, ‘ನಾನು ಕುಡಿಯುವುದಿಲ್ಲ’ ಎಂಬ ಉತ್ತರ ಕೇಳಿ ಸ್ಕ್ಯಾನ್ ಕೈಬಿಡಬಾರದು.

ಚಿಕಿತ್ಸೆಯ ಬಗ್ಗೆ ಎರಡು ಮಾತು. ಅಮೀಬಾವನ್ನು ಕೊಲ್ಲುವ ಮೆಟ್ರೊನಿಡಜೋಲ್ 7ರಿಂದ 10 ದಿನ ಕೊಟ್ಟರೆ ಬಹುಪಾಲು ರೋಗಿಗಳಲ್ಲಿ ಮೂರು ನಾಲ್ಕು ದಿನಗಳಲ್ಲೇ ಜ್ವರವೂ ನೋವೂ ಇಳಿಯತೊಡಗುತ್ತವೆ. ಆ ಮಾತ್ರೆ ನಡೆಯುವಷ್ಟು ದಿನ, ಮುಗಿದ ನಂತರದ ಮೂರು ದಿನವೂ ಮದ್ಯ ಕೂಡದು. ಮೆಟ್ರೊನಿಡಜೋಲ್ ಆದ ಮೇಲೆ ಕರುಳಿನೊಳಗೆ ಉಳಿದ ಚಿಪ್ಪುಗಳನ್ನು ಕೊಲ್ಲಲು ಡೈಲೊಕ್ಸನೈಡ್‌ನಂಥ ಇನ್ನೊಂದು ಔಷಧಿ ಬೇಕು. ಜ್ವರ ಬಿಟ್ಟಿತೆಂದು ಜನ ಇದನ್ನೇ ಬಿಡುತ್ತಾರೆ. ತಮ್ಮನ ಚೀಟಿಯಲ್ಲಿ ಇದೆಯೇ ಎಂದು ವೈದ್ಯರನ್ನು ಕೇಳಿ. ಕೀವು ತುಂಬ ದೊಡ್ಡದಾಗಿದ್ದರೆ, ಯಕೃತ್ತಿನ ಎಡಭಾಗದಲ್ಲಿದ್ದರೆ, ಒಡೆಯುವಂತೆ ಕಂಡರೆ, ಇಲ್ಲವೇ ಔಷಧಿಗೆ ಬಗ್ಗದಿದ್ದರೆ ಸೂಜಿಯಿಂದ ತೆಗೆಯುತ್ತಾರೆ; ಕೆಂಗಂದು ಬಣ್ಣದ, ಸಾಮಾನ್ಯವಾಗಿ ವಾಸನೆಯಿಲ್ಲದ ದ್ರವ ಬರುತ್ತದೆ. ಗುಣವಾದ ಮೇಲೂ ಸ್ಕ್ಯಾನಿನಲ್ಲಿ ಆ ಪೊಳ್ಳು ತಿಂಗಳುಗಟ್ಟಲೆ ಕಾಣುವುದರಿಂದ ಗಾಬರಿಯಾಗಬೇಡಿ. ಗಾಬರಿಯಾಗಬೇಕಾದದ್ದು ನೋವು ಇದ್ದಕ್ಕಿದ್ದಂತೆ ಹೊಟ್ಟೆಯೆಲ್ಲ ಹರಡಿದರೆ, ಉಸಿರು ಕಟ್ಟಿದರೆ, ಕೆಮ್ಮಿದಾಗ ಕಂದುಬಣ್ಣದ ಕಫ ಬಂದರೆ ಅಥವಾ ತಲೆಸುತ್ತಿ ಬಿದ್ದರೆ; ಆಗ 108ಕ್ಕೆ ಕರೆ ಮಾಡಿ, ತಡಮಾಡದೆ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನ್ನ ಮಗಳ ಮಲ ಪರೀಕ್ಷೆಯಲ್ಲಿ ‘ಅಮೀಬಾದ ಚಿಪ್ಪುಗಳು ಕಂಡಿವೆ’ ಎಂದು ಬರೆದಿದ್ದಾರೆ. ಅವಳಿಗೆ ಏನೂ ತೊಂದರೆಯಿಲ್ಲ. ಇದು ಲಿವರ್‌ಗೆ ಹೋಗುತ್ತದೆಯೇ?
– ಒಬ್ಬ ಗೃಹಿಣಿ, ಗೌರಿಬಿದನೂರು

ಉತ್ತರ: ಎಂಟಮೀಬಾ ಡಿಸ್ಪಾರ್ ಎಂಬ ನಿರುಪದ್ರವಿ ಅಮೀಬಾ ಇದೆ; ಸೂಕ್ಷ್ಮದರ್ಶಕದಲ್ಲಿ ಅದರ ಚಿಪ್ಪಿಗೂ ರೋಗ ತರುವ ಅಮೀಬಾದ ಚಿಪ್ಪಿಗೂ ವ್ಯತ್ಯಾಸ ತಿಳಿಯುವುದಿಲ್ಲ. ನಿಜವಾದ ಹಿಸ್ಟೊಲಿಟಿಕಾ ಆದರೂ ಅದು ಹೊಕ್ಕವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಯಕೃತ್ತಿನವರೆಗೆ ಏರುವುದಂತೂ ಬಹಳ ವಿರಳ. ವರದಿಯನ್ನು ವೈದ್ಯರಿಗೆ ತೋರಿಸಿ, ಔಷಧಿ ಬೇಕೋ ಬೇಡವೋ ಅವರು ಹೇಳಲಿ. ಮುಂದೆಂದಾದರೂ ಅವಳಿಗೆ ಬಿಡದ ಜ್ವರವೋ ಬಲಪಕ್ಕೆ ನೋವೋ ಬಂದರೆ ಈ ಹಳೆಯ ವರದಿಯನ್ನೂ ಜೊತೆಗೆ ಒಯ್ಯಿರಿ.

ಪ್ರಶ್ನೆ: ನಮ್ಮೂರಿನ ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುತ್ತೇವೆ. ಅಮೀಬಾ ಭಯವಿಲ್ಲ ತಾನೇ?
– ಓದುಗ, ಶಿರಾ

ಉತ್ತರ: ಘಟಕದ ಯಂತ್ರ ಸರಿಯಾಗಿದ್ದರೆ ಅಮೀಬಾದ ಚಿಪ್ಪು ಅದನ್ನು ದಾಟಿ ಬರುವುದಿಲ್ಲ. ಆ ನೀರಿಗೆ ಲೋಟವನ್ನು ಕೈಸಮೇತ ಅದ್ದಿದರೆ, ವಾರಗಟ್ಟಲೆ ಉಜ್ಜದ ಕ್ಯಾನಿಗೆ ತುಂಬಿಸಿದರೆ ಮತ್ತೆ ಸೋಂಕು ಸೇರುತ್ತದೆ. ಟ್ಯಾಂಕಿಗೆ ಹಾಕುವ ಕ್ಲೋರಿನ್ ಪ್ರಮಾಣಕ್ಕೆ ಈ ಚಿಪ್ಪುಗಳು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತವೆ. ಕ್ಯಾನಿನ ನೀರಿನ ಬಗ್ಗೆ ಇಷ್ಟು ಎಚ್ಚರ ವಹಿಸುವವರು ಕೊತ್ತಂಬರಿ, ಸೌತೆ, ಮೂಲಂಗಿಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯದೆ ಕೋಸಂಬರಿಗೆ ಹಾಕುವುದನ್ನೂ ನಾನು ನೋಡಿದ್ದೇನೆ.