ಲೈಫ್‌ಗಾರ್ಡ್ ಕೆಲಸಕ್ಕೆ ಕೋಚ್ ಪತ್ರ ಸಾಕಾ?

ತಮ್ಮಾ, ಭದ್ರಾ ಕಾಲುವೆಯಲ್ಲಿ ಈಜು ಕಲಿತಿದ್ದೀನಿ, ದಾವಣಗೆರೆಯ ಈಜುಕೊಳದಲ್ಲಿ ಲೈಫ್‌ಗಾರ್ಡ್ ಆಗೋಕೆ ಕೋಚ್ ಬರೆದುಕೊಟ್ಟ ಪತ್ರ ಸಾಕಾ ಅಂತ ಕೇಳಿದ್ದೀಯ. ಸಾಲದು. ಆ ಪತ್ರ ನಿನಗೆ ಈಜು ಬರುತ್ತೆ ಅಂತಷ್ಟೇ ಹೇಳುತ್ತೆ. ಮುಳುಗುತ್ತಿರುವವನನ್ನು ಎಳೆದು ತರೋದು ಬೇರೆಯದೇ ವಿದ್ಯೆ. ಗಾಬರಿಯಾದವನು ಹತ್ತಿರ ಹೋದವನ ಕುತ್ತಿಗೆಗೇ ಜೋತುಬೀಳ್ತಾನೆ. ಅದಕ್ಕೇ ತರಬೇತಿಯಲ್ಲಿ ದಡದಿಂದಲೇ ಕೋಲು ಚಾಚೋದು, ಟ್ಯೂಬ್ ಎಸೆಯೋದು ಮೊದಲು. ನೀರಿಗೆ ಇಳಿಯೋದು ಕೊನೇ ದಾರಿ. ಕಾಲುವೆ ಹುಡುಗರಿಗೆ ಇದೇ ಕಷ್ಟ, ಕಾಲು ಸುಮ್ಮನಿರಲ್ಲ!

ಆಮೇಲೆ ಸಿಪಿಆರ್, ಅಂದ್ರೆ ಎದೆ ಒತ್ತಿ, ಬಾಯಿಂದ ಉಸಿರು ಕೊಟ್ಟು ಜೀವ ಉಳಿಸೋ ವಿಧಾನ. ಮುಳುಗಿದವರಿಗೆ ಉಸಿರು ನಿಂತಿದ್ದರೆ ಮೊದಲು ಬಾಯಿಂದ ಉಸಿರು ಕೊಡಬೇಕು, ನಂತರ 30 ಸಲ ಎದೆ ಒತ್ತಿ 2 ಉಸಿರು, ಹೀಗೇ ಮುಂದುವರಿಸಬೇಕು. ಒತ್ತುವ ವೇಗ ನಿಮಿಷಕ್ಕೆ 100ರಿಂದ 120. ಹೊಟ್ಟೆ ಒತ್ತಿ ನೀರು ಕಕ್ಕಿಸೋದು ನಮ್ಮ ಕಡೆ ಇನ್ನೂ ನಡೆಯುತ್ತೆ, ದಯವಿಟ್ಟು ಮಾಡಬೇಡ.

ಸರ್ಟಿಫಿಕೇಟ್‌ಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ, ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿ ಎರಡನ್ನೂ ವಿಚಾರಿಸು. ಕೊಳಕ್ಕೆ, ಕಡಲಿಗೆ ಬೇರೆ ಬೇರೆ ಕೋರ್ಸ್. ನಿನಗೆ ಕೊಳದ್ದು ಸಾಕು. ಹೋಗುವ ಮುಂಚೆ ತಳದಿಂದ ಭಾರ ಎತ್ತಿ ತರೋದು, ಕೈ ಆಡಿಸದೆ ಕಾಲಲ್ಲೇ ತೇಲೋದು ಅಭ್ಯಾಸ ಮಾಡ್ಕೋ. ಬೇಸಿಗೆ ಬ್ಯಾಚ್ ಶುರುವಾಗೋ ಮುಂಚೆಯೇ ಕೆಲಸ ಕೇಳು, ಕೊಳದವರಿಗೆ ಜನ ಬೇಕಾಗೋದು ಆಗಲೇ.