ಕಾರಿಗೆ ಜಿಪಿಎಸ್: ಪರದೆಗಿಂತ ಮೊದಲು ಮ್ಯಾಪ್ ನೋಡಿ

ಪ್ರಶ್ನೆ: ಕಾರಿನ ಮುಂದಿನ ಗಾಜಿಗೆ ಅಂಟಿಸುವ ಜಿಪಿಎಸ್ ತಗೊಳ್ಳಬೇಕು ಅಂತಿದ್ದೇನೆ. ಐದು ಇಂಚಿನದು, ಏಳು ಇಂಚಿನದು, ಬ್ಲೂಟೂತ್ ಇರುವುದು, ಇಲ್ಲದ್ದು ಅಂತ ಹತ್ತಾರು ಬಗೆ ಇವೆ. ಫೋನಿನಲ್ಲೇ ಮ್ಯಾಪ್ ಇರುವಾಗ ಇದು ಯಾಕೆ ಅಂತ ಮನೆಯಲ್ಲಿ ಕೇಳುತ್ತಿದ್ದಾರೆ. ಏನು ನೋಡಿ ಆರಿಸಬೇಕು?

ಉತ್ತರ: ಮನೆಯವರು ಕೇಳಿದ್ದು ಸರಿಯಾಗೇ ಇದೆ, ಅಲ್ಲಿಂದಲೇ ಶುರು ಮಾಡೋಣ. ನಿಮ್ಮ ಓಡಾಟ ಜಾಸ್ತಿ ಊರೊಳಗೇ ಆದರೆ ಫೋನು ಸಾಕು. ಎಲ್ಲಿ ವಾಹನಗಳು ಕಿಕ್ಕಿರಿದಿವೆ ಎನ್ನುವ ಆಯಾ ಹೊತ್ತಿನ ಸುದ್ದಿ ಬರುವುದು ಇಂಟರ್ನೆಟ್‌ನಿಂದ. ಅದರಲ್ಲಿ ಫೋನೇ ಮುಂದು. ಆದರೆ ದೂರದ ಪ್ರಯಾಣ ಮಾಡುವವರಿಗೆ, ನೆಟ್‌ವರ್ಕ್ ಸಿಗದ ಬೆಟ್ಟ ಕಾಡುಗಳ ದಾರಿಯಲ್ಲಿ ಹೋಗುವವರಿಗೆ, ದಾರಿ ನೋಡುತ್ತಿರುವಾಗಲೇ ಫೋನಿಗೆ ಕರೆ ಬಂದು ತಿರುವು ತಪ್ಪಿಸಿಕೊಂಡವರಿಗೆ ಬೇರೆ ಸಾಧನ ನಿಜಕ್ಕೂ ನೆಮ್ಮದಿ ಕೊಡುತ್ತದೆ. ಫೋನಿನಲ್ಲೂ ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಬಹುದು, ನಿಜ. ಆದರೆ ಬಿಸಿಲಿನಲ್ಲಿ ಗಾಜಿಗೆ ಅಂಟಿಕೊಂಡು ಮೂರ್ನಾಲ್ಕು ಗಂಟೆ ಒಂದೇ ಸಮನೆ ಓಡಿದರೆ ಫೋನು ಕಾದು ಕೆಂಡ ಆಗುತ್ತದೆ, ಅಲ್ವಾ?

ಜಿಪಿಎಸ್‌ಗೆ ಇಂಟರ್ನೆಟ್ ಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬೇಡ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಸಮಯದ ಸಂಕೇತ ಕಳಿಸುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ನಿಮ್ಮ ಸಾಧನ ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಈ ಲೆಕ್ಕವನ್ನು ಅಗ್ಗದ ಸಾಧನವೂ ಚೆನ್ನಾಗೇ ಮಾಡುತ್ತದೆ. ದುಬಾರಿಯದಕ್ಕೂ ಅಗ್ಗದ್ದಕ್ಕೂ ವ್ಯತ್ಯಾಸ ಕಾಣುವುದು ಆಮೇಲೆ, ಆ ಜಾಗವನ್ನು ಮ್ಯಾಪಿನ ಮೇಲೆ ಇಡುವಾಗ.

ಹಾಗಾಗಿ ಮೊದಲು ಮ್ಯಾಪ್ ನೋಡಿ. ನಾನು ಒಂದು ಸಾಧನವನ್ನು ಮೂರು ವರ್ಷ ಅಪ್‌ಡೇಟ್ ಮಾಡದೆ ಹಾಗೇ ಬಳಸಿದ್ದೆ. ಒಮ್ಮೆ ಹೊಸ ಬೈಪಾಸ್ ಹತ್ತಿದೆ. ಪರದೆಯ ಮೇಲೆ ನನ್ನ ಕಾರಿನ ಬಾಣ ರಸ್ತೆ ಬಿಟ್ಟು ಖಾಲಿ ಹಸಿರು ಬಯಲಿನಲ್ಲಿ ಓಡುತ್ತಿತ್ತು, ಆ ದನಿ ಮಾತ್ರ ‘ಹಿಂದಕ್ಕೆ ತಿರುಗಿ’ ಅಂತ ಹೇಳುತ್ತಲೇ ಇತ್ತು. ಪಕ್ಕದಲ್ಲಿ ಲಾರಿಗಳು ನುಗ್ಗುತ್ತಿರುವಾಗ ಅದನ್ನು ಕೇಳಿಸಿಕೊಳ್ಳುವುದು ಹಿಂಸೆ. ನಾನೆಲ್ಲಿದ್ದೇನೆ ಅನ್ನುವುದು ಅದಕ್ಕೆ ಸರಿಯಾಗೇ ಗೊತ್ತಿತ್ತು, ಅಲ್ಲೊಂದು ರಸ್ತೆ ಇದೆ ಅನ್ನುವುದು ಗೊತ್ತಿರಲಿಲ್ಲ.

ಕೊಳ್ಳುವ ಮೊದಲು ಇಷ್ಟು ಕೇಳಿ: ನೀವು ಹೋಗುವ ಕಡೆಯ ಮ್ಯಾಪ್ ಒಳಗೇ ಇದೆಯಾ, ವರ್ಷಕ್ಕೆ ಎಷ್ಟು ಸಲ ಹೊಸದು ಬರುತ್ತದೆ, ಅದಕ್ಕೆ ಬೇರೆ ದುಡ್ಡು ಕೊಡಬೇಕಾ, ವೈಫೈ ಮೂಲಕ ತಾನೇ ಇಳಿಸಿಕೊಳ್ಳುತ್ತದಾ ಅಥವಾ ಕಂಪ್ಯೂಟರಿಗೆ ಜೋಡಿಸಬೇಕಾ. ‘ಜೀವಮಾನ ಪೂರ್ತಿ ಉಚಿತ’ ಅಂತ ಬರೆದಿದ್ದರೆ ಅದು ಸಾಮಾನ್ಯವಾಗಿ ಆ ಸಾಧನದ ಜೀವಮಾನ. ತಯಾರಿಸಿದವರು ಆ ಮಾಡೆಲ್ ಕೈಬಿಟ್ಟ ದಿನ ಅದು ಮುಗಿಯುತ್ತದೆ. ಹಾಗಾಗಿ ಹಳೇ ಮಾಡೆಲ್ ರಿಯಾಯಿತಿಯಲ್ಲಿ ಸಿಕ್ಕರೆ ಸ್ವಲ್ಪ ಯೋಚಿಸಿ. ಮೆಮೊರಿ ಕಾರ್ಡ್ ಹಾಕಲು ಜಾಗ ಇರಲೇಬೇಕು, ಯಾಕಂದರೆ ಮ್ಯಾಪಿನ ಗಾತ್ರ ವರ್ಷ ವರ್ಷ ಬೆಳೆಯುತ್ತದೆ.

ಆಮೇಲೆ ಪರದೆ. ಇಂಚಿಗಿಂತ ಬೆಳಕು ಮುಖ್ಯ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಚೆನ್ನಾಗೇ ಕಾಣುತ್ತವೆ, ಸಾಧ್ಯವಾದರೆ ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿ. ಕೈಯಲ್ಲಿ ಹಿಡಿದಾಗಲೇ ಒಂದು ಪೂರ್ತಿ ವಿಳಾಸ ಟೈಪ್ ಮಾಡಿ. ಕೆಲವು ಪರದೆಗಳು ಫೋನಿನ ಹಾಗೆ ಮುಟ್ಟಿದರೆ ಸಾಕು, ಇನ್ನು ಕೆಲವನ್ನು ಉಗುರಿನಿಂದ ಒತ್ತಬೇಕು. ಮೂರನೇ ಅಕ್ಷರಕ್ಕೇ ನಿಮಗೆ ಕಿರಿಕಿರಿ ಆದರೆ ಆ ಸಾಧನ ಬಿಡಿ. ಏಳು ಇಂಚಿನದು ಸಣ್ಣ ಕಾರಿನಲ್ಲಿ ರಸ್ತೆಯನ್ನೇ ಮರೆಮಾಡುತ್ತದೆ. ಐದು ಅಥವಾ ಆರು ಇಂಚು ನನಗೆ ಹಿತ. ಬೀದಿಯ ಹೆಸರನ್ನು ಬಾಯಿಬಿಟ್ಟು ಹೇಳುವುದು, ದೊಡ್ಡ ಕೂಡುರಸ್ತೆಯಲ್ಲಿ ಯಾವ ಲೇನ್ ಹಿಡಿಯಬೇಕು ಅಂತ ತೋರಿಸುವುದು, ಇವೆರಡಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ವಿಡಿಯೋ ನೋಡೋದು, ಹಾಡು ಕೇಳೋದು ಇಂಥದ್ದಕ್ಕೆ ಸುಮ್ನೆ ದುಡ್ಡು ಹಾಕಬೇಡಿ. ಬ್ಯಾಟರಿ ಬಗ್ಗೆ ತಲೆ ಕೆಡಿಸಿಕೊಳ್ಳುವುದೂ ಬೇಡ, ಹೇಗೂ ಕಾರಿನ ಚಾರ್ಜರಿಗೆ ಚುಚ್ಚಿಯೇ ಓಡಿಸುತ್ತೀರಿ.

ಅಂಟಿಸುವಾಗ ಗಾಜಿನ ಕೆಳಮೂಲೆ ಆರಿಸಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗ ಬಿಡಿ. ವೈರು ಸ್ಟೀರಿಂಗ್‌ಗೆ ಅಡ್ಡ ಬರಬಾರದು. ಗಾಜಿಗೆ ಹಿಡಿಯುವ ರಬ್ಬರ್ ಬಟ್ಟಲಿನಲ್ಲಿ ಧೂಳು ಕೂತರೆ ಅದು ಹಿಡಿತ ಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಒತ್ತಿ.

ಪ್ರಶ್ನೆ: ನೆಂಟರೊಬ್ಬರು ಹಳೇ ಜಿಪಿಎಸ್ ಕೊಟ್ಟಿದ್ದಾರೆ. ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸುತ್ತದೆ. ಆನ್ ಮಾಡಿದ ಮೇಲೆ ಜಾಗ ಹುಡುಕಲು ಹತ್ತು ನಿಮಿಷ ತಗೊಳ್ಳುತ್ತದೆ. ಕೆಟ್ಟಿದೆಯಾ?

ಉತ್ತರ: ಇವು ಎರಡು ಬೇರೆ ಬೇರೆ ವಿಷಯ. ಜಿಪಿಎಸ್ ಸಂಕೇತದಲ್ಲಿ ವಾರಗಳನ್ನು 0ಯಿಂದ 1023ರವರೆಗೆ ಎಣಿಸಿ ಮತ್ತೆ 0ಗೆ ಬರುತ್ತಾರೆ. ಅಂದರೆ ಸುಮಾರು 19 ವರ್ಷ 7 ತಿಂಗಳಿಗೊಮ್ಮೆ ಎಣಿಕೆ ಹೊಸದಾಗಿ ಶುರು. 2019ರ ಏಪ್ರಿಲ್ 6ರಂದು ಹಾಗಾಯಿತು. ಇದಕ್ಕೆ ಸಾಫ್ಟ್‌ವೇರ್ ತಿದ್ದಿಕೊಳ್ಳದ ಹಳೇ ಸಾಧನಗಳು ಅಷ್ಟು ವರ್ಷ ಹಿಂದಕ್ಕೆ ಹೋದವು. ತಯಾರಿಸಿದವರ ಬಳಿ ಆ ಮಾಡೆಲ್‌ಗೆ ಅಪ್‌ಡೇಟ್ ಇದ್ದರೆ ಸರಿಹೋಗುತ್ತದೆ, ಇಲ್ಲದಿದ್ದರೆ ಅದನ್ನು ನಂಬಿ ದೂರ ಹೊರಡಬೇಡಿ.

ತಡವಾಗುವುದಕ್ಕೆ ಕಾರಣ ಬೇರೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಸಾಧನಕ್ಕೆ ಯಾವ ಉಪಗ್ರಹ ಎಲ್ಲಿದೆ ಅನ್ನುವುದು ಮರೆತಿರುತ್ತದೆ. ಆ ಪೂರ್ತಿ ಪಟ್ಟಿ ಮೇಲಿನಿಂದ ಬರಲು 12.5 ನಿಮಿಷ ಬೇಕು, ಅಷ್ಟು ನಿಧಾನ ಆ ಸಂಕೇತ. ಬಯಲಿನಲ್ಲಿ ಕಾರು ನಿಲ್ಲಿಸಿ ಒಮ್ಮೆ ಆನ್ ಮಾಡಿ ಬಿಡಿ. ಮರುದಿನ ಬೇಗ ಹಿಡಿಯುತ್ತದೆ. ಆಗಲೂ ತಡವಾದರೆ ಗಾಜು ನೋಡಿ: ಶಾಖ ತಡೆಯಲು ಲೋಹದ ಪದರ ಹಚ್ಚಿದ ಗಾಜು ಸಂಕೇತವನ್ನೂ ತಡೆಯುತ್ತದೆ. ಅಂಥ ಗಾಜಿನಲ್ಲಿ ಸಾಮಾನ್ಯವಾಗಿ ಕನ್ನಡಿಯ ಹತ್ತಿರ ಪದರವಿಲ್ಲದ ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಸಾಧನವನ್ನು ಅಲ್ಲಿ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಪ್ರಶ್ನೆ: ಜಿಪಿಎಸ್ ಹಾಕಿಕೊಂಡರೆ ನಾನು ಎಲ್ಲಿದ್ದೇನೆ ಅಂತ ಬೇರೆಯವರಿಗೆ ತಿಳಿಯುತ್ತದಾ?

ಉತ್ತರ: ಬರೀ ಜಿಪಿಎಸ್‌ನಿಂದ ತಿಳಿಯುವುದಿಲ್ಲ. ಅದು ರೇಡಿಯೋ ಹಾಗೆ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಸಿಮ್ ಇದ್ದರೆ, ಅಥವಾ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ಮಾಹಿತಿ ಹೊರಗೆ ಹೋಗಬಹುದು, ಸೆಟ್ಟಿಂಗ್ಸ್ ಒಮ್ಮೆ ನೋಡಿ. ನನಗೆ ಜಾಸ್ತಿ ಚಿಂತೆ ಕಳ್ಳರದ್ದು. ಗಾಜು ಒಡೆದು ಸಾಧನ ಕದ್ದವನಿಗೆ ‘ಮನೆ’ ಅನ್ನುವ ಗುಂಡಿ ಒತ್ತಿದರೆ ನಿಮ್ಮ ಬಾಗಿಲೇ ಸಿಗುತ್ತದೆ, ಮತ್ತು ಕಾರು ಎಲ್ಲೋ ನಿಂತಿರುವುದರಿಂದ ನೀವು ಮನೆಯಲ್ಲಿಲ್ಲ ಅನ್ನುವುದೂ ಅವನಿಗೆ ಗೊತ್ತು. ಆ ಜಾಗದಲ್ಲಿ ಹತ್ತಿರದ ಪೆಟ್ರೋಲ್ ಬಂಕ್ ಅಥವಾ ಸರ್ಕಲ್ಲಿನ ವಿಳಾಸ ಹಾಕಿಡಿ. ಇಳಿಯುವಾಗ ಸಾಧನ ತೆಗೆದರೆ ಸಾಲದು, ಗಾಜಿನ ಮೇಲೆ ಉಳಿದ ರಬ್ಬರಿನ ದುಂಡು ಗುರುತನ್ನೂ ಒರೆಸಿ. ಮಾರುವಾಗ ಹಳೇ ಪ್ರಯಾಣಗಳನ್ನೆಲ್ಲ ಅಳಿಸಿ ಕೊಡಿ.